‘ಎಲ್ಲವನ್ನೂ ನೀವೇ ತೀರ್ಮಾನಿಸಿ’ ಎಂದ ಶಿಕ್ಷಕಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಹದಿಮೂರು, ಹದಿನಾಲ್ಕರ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಆ ತರಗತಿಯ ಹೊಣೆಯೂ ಅವರದೇ. ನಿದ್ದೆ ಬರುತ್ತಿಲ್ಲ, ಬೆಳಗ್ಗೆ ತರಗತಿಯೊಳಗೆ ಕಾಲಿಡುವಾಗ ಎದೆ ಹೊಡೆದುಕೊಳ್ಳುತ್ತದೆ ಎಂದು ಮಾತು ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಒಳಗಿನ ನೋವು ಹೊರಬಂತು: “ನಾನು ಮಕ್ಕಳನ್ನ ನಂಬಿದೆ. ಅವರು ನನ್ನನ್ನೇ ಮಾತು ತಪ್ಪಿದವಳು ಅಂತಾರೆ.”

ವರ್ಷದ ಆರಂಭದಲ್ಲಿ ಅವರು ಮಕ್ಕಳಿಗೆ, “ಈ ತರಗತಿ ನಿಮ್ಮದು. ಎಲ್ಲವನ್ನೂ ನೀವೇ ತೀರ್ಮಾನಿಸಿ, ನಾನು ಒಪ್ಪುತ್ತೇನೆ” ಎಂದಿದ್ದರು. ಮೊದಮೊದಲು ಚೆನ್ನಾಗಿಯೇ ನಡೆಯಿತು. ಗೋಡೆಯ ಮೇಲೆ ಏನು ಅಂಟಿಸಬೇಕು, ಯಾವ ಪ್ರಯೋಗ ಮೊದಲು ಎಂಬುದೆಲ್ಲ ಕೈ ಎತ್ತಿಸಿದರೆ ಮುಗಿಯುತ್ತಿತ್ತು. ಗುಂಪು ಚಟುವಟಿಕೆಗೆ ತಂಡ ಕಟ್ಟುವ ದಿನ ಕಥೆ ಕೆಟ್ಟಿತು. ಓದುಬರಹದಲ್ಲಿ ನಿಧಾನವಾಗಿದ್ದ ಒಬ್ಬ ಹುಡುಗ ಯಾವ ತಂಡಕ್ಕೂ ಬೇಡ, ಒಬ್ಬನೇ ಮಾಡಿಕೊಳ್ಳಲಿ ಎಂದು ತರಗತಿ ಬಹುಮತದಿಂದ ನಿರ್ಧರಿಸಿತು. ಅವನು ಅಲ್ಲೇ ಕೂತಿದ್ದ. ಶಿಕ್ಷಕಿ ಸಿಟ್ಟಿಗೆದ್ದು ನಿರ್ಧಾರವನ್ನು ರದ್ದು ಮಾಡಿ, ತಂಡಗಳನ್ನು ತಾವೇ ಹಂಚಿದರು. ಅಂದಿನಿಂದ ಏನು ಕೇಳಿದರೂ ಒಂದೇ ಉತ್ತರ: “ನಿಮಗೆ ಬೇಕಾದ್ದು ಹೇಳಿಬಿಡಿ ಮಿಸ್, ಕೊನೆಗೆ ಆಗೋದು ಅದೇ ತಾನೆ?” ಸಹೋದ್ಯೋಗಿಗಳು, ಸಲಿಗೆ ಕೊಟ್ಟರೆ ಹೀಗೇ ಆಗುವುದು ಎಂದರು.

ನಿರ್ಧಾರವನ್ನು ರದ್ದು ಮಾಡಿದ್ದು ಸರಿ ಎಂದು ನಾನು ಮೊದಲೇ ಹೇಳಿಬಿಟ್ಟೆ; ಆ ಅಪರಾಧಿ ಭಾವ ಇಳಿಯದೆ ಮುಂದಿನ ಮಾತು ಅವರ ಕಿವಿಗೆ ಬೀಳುವಂತಿರಲಿಲ್ಲ. ಒಂದು ಮಗುವನ್ನು ಹೊರಗಿಡುವ ಅಧಿಕಾರ ಯಾವ ಬಹುಮತಕ್ಕೂ ಇಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಆ ಹಕ್ಕು ಕೈ ಎತ್ತಿದವರಿಗೆ ಎಷ್ಟಿದೆಯೋ, ತಲೆ ತಗ್ಗಿಸಿ ಕೂತಿದ್ದ ಹುಡುಗನಿಗೂ ಅಷ್ಟೇ ಇದೆ. ಅವನನ್ನು ಯಾರೂ ಕೇಳಿರಲಿಲ್ಲ.

ತೊಡಕು ಹುಟ್ಟಿದ್ದು ವರ್ಷದ ಆರಂಭದ ಆ ಮಾತಿನಲ್ಲಿ. ತಮ್ಮ ಕೈಯಲ್ಲಿ ಕೊಡಲಾಗದ್ದನ್ನೂ ಅವರು ಕೊಟ್ಟುಬಿಟ್ಟಿದ್ದರು. ಮಕ್ಕಳ ಭಾಗವಹಿಸುವಿಕೆಯನ್ನು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೆಳಗಿನ ಮೂರು ಮೆಟ್ಟಿಲು ತೋರಿಕೆಯವು: ಕೇಳಿದಂತೆ ಮಾಡಿ ಕೇಳದಿರುವುದು. ಮಕ್ಕಳೇ ಆರಂಭಿಸಿ ಮಕ್ಕಳೇ ನಡೆಸುವುದು ಏಳನೆಯದು. ಎಲ್ಲಕ್ಕಿಂತ ಮೇಲಿನದು, ಮಕ್ಕಳು ಆರಂಭಿಸಿದ್ದನ್ನು ದೊಡ್ಡವರ ಜೊತೆ ಸೇರಿ ತೀರ್ಮಾನಿಸುವುದು. ಇದನ್ನು ಕೇಳಿ ಆಕೆ ನಿಟ್ಟುಸಿರಿಟ್ಟರು. ಒಳ್ಳೆಯ ಶಿಕ್ಷಕಿ ಎಂದರೆ ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲುವವಳು ಎಂದು ಅವರು ಅಂದುಕೊಂಡಿದ್ದರು.

ಸಹೋದ್ಯೋಗಿಗಳ ಸಲಿಗೆಯ ಮಾತಿಗೂ ಉತ್ತರ ಬೇಕಿತ್ತು. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಜೊತೆಗಾರರು 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರ ಆಸುಪಾಸಿನ ಹುಡುಗರ ಗುಂಪುಗಳನ್ನು ಮೂರು ಬಗೆಯ ಮುಂದಾಳುಗಳ ಕೈಗೆ ಕೊಟ್ಟು ನೋಡಿದ್ದರು. ಕಟ್ಟುನಿಟ್ಟಿನ ಮುಂದಾಳು ಕೋಣೆಯಿಂದ ಹೊರಹೋದರೆ ಕೆಲಸ ಕುಸಿಯುತ್ತಿತ್ತು. ಎಲ್ಲರೊಡನೆ ಚರ್ಚಿಸಿ ನಡೆಸುವವರ ಗುಂಪಿನಲ್ಲಿ ಮುಂದುವರಿಯುತ್ತಿತ್ತು. ಕೈಬಿಟ್ಟು ಕೂತವರದು ಬೇರೆಯೇ ಬಗೆ, ಅಲ್ಲಿ ಕೆಲಸವೂ ಸೊರಗಿತು. ನಮ್ಮ ಶಿಕ್ಷಕಿ ಎರಡನೆಯದನ್ನು ಬಯಸಿ ಮೂರನೆಯದನ್ನು ಮಾಡಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಆ ಹುಡುಗನನ್ನು ಒಬ್ಬನನ್ನೇ ಮಾತಾಡಿಸಿ, ಯಾರ ಜೊತೆ ಕೆಲಸ ಮಾಡಲು ಇಷ್ಟ ಎಂದು ಕೇಳಿ. ಆಮೇಲೆ ತರಗತಿಗೆ, ಅವನ ಹೆಸರೆತ್ತದೆ, “ಎಲ್ಲವನ್ನೂ ನಿಮಗೆ ಬಿಡುತ್ತೇನೆ ಎಂದಿದ್ದೆ. ಕೆಲವನ್ನು ಬಿಡಲಾಗದು, ಅದನ್ನು ಮೊದಲೇ ಹೇಳಬೇಕಿತ್ತು” ಎನ್ನಿ. ಸುರಕ್ಷತೆ, ಪಠ್ಯಕ್ರಮ, ಅಂಕ, ಯಾರನ್ನೂ ಹೊರಗಿಡದಿರುವುದು, ಇವು ಶಿಕ್ಷಕಿಯ ಹೊಣೆ. ಪಾಠದ ಕ್ರಮ, ಕಿರುಪರೀಕ್ಷೆಯ ದಿನ, ಮನೆಕೆಲಸದ ಗಡುವು, ಕೂರುವ ವ್ಯವಸ್ಥೆ ಇಬ್ಬರೂ ಸೇರಿ. ಕಲಿತದ್ದನ್ನು ಚಿತ್ರವಾಗಿ ತೋರಿಸುವುದೋ ಬರೆಯುವುದೋ ಎಂಬುದು ಪೂರ್ತಿ ಅವರದು. ಯಾವುದು ಯಾವ ಬಗೆ ಎಂದು ಪ್ರಶ್ನೆಗೆ ಮೊದಲೇ ತಿಳಿಸಿ. ನೀವು ಆಗಲೇ ನಿರ್ಧರಿಸಿದ್ದನ್ನು ಮಕ್ಕಳ ಮುಂದೆ ಪ್ರಶ್ನೆಯಾಗಿ ಇಡಬೇಡಿ.

ಕೈ ಎತ್ತಿಸುವುದನ್ನೂ ಸದ್ಯಕ್ಕೆ ಬಿಡಲು ಹೇಳಿದೆ. ಗಟ್ಟಿ ದನಿಯವರು ಎತ್ತಿದರೆ ಉಳಿದವರೂ ಎತ್ತುತ್ತಾರೆ. ಮೊದಲು ಹೆಸರಿಲ್ಲದ ಚೀಟಿ, ಆಮೇಲೆ ಚರ್ಚೆ, ಕೊನೆಗೆ “ಇದರಿಂದ ಯಾರಿಗಾದರೂ ತೊಂದರೆ ಆಗುತ್ತದೆಯೇ?” ಎಂಬ ಪ್ರಶ್ನೆ. ಒಪ್ಪಿದ್ದನ್ನು ಎರಡು ವಾರ ನಡೆಸಿ ನೋಡಿ ಮತ್ತೆ ಚರ್ಚಿಸಿ. ಇಲ್ಲ ಎನ್ನಬೇಕಾದರೆ ಕಾರಣವನ್ನು ಅಂದೇ ಹೇಳಿ. ಸಹಪಾಠಿಗೆ ಶಿಕ್ಷೆ ಏನು ಎಂಬುದನ್ನಂತೂ ಎಂದಿಗೂ ಮತಕ್ಕೆ ಹಾಕಬೇಡಿ. ಮಕ್ಕಳು ಪರಸ್ಪರರ ಮೇಲೆ ದೊಡ್ಡವರಿಗಿಂತ ಕಠಿಣವಾಗಬಲ್ಲರು, ಪೆಟ್ಟು ತಿಂದ ಮಗು ಮಾರನೆಯ ದಿನವೂ ಅವರ ಪಕ್ಕದಲ್ಲೇ ಕೂರಬೇಕು.

ಮುಂದಿನ ಭೇಟಿಗೆ ಬಂದಾಗ ಮುಖ ಹಗುರವಾಗಿತ್ತು, ಪೂರ್ತಿ ಅಲ್ಲ. ಮೊದಲ ಸಭೆಯಲ್ಲಿ ಹೆಚ್ಚಿನ ಚೀಟಿಗಳು ಖಾಲಿ ಬಂದಿದ್ದವಂತೆ. ಒಂದರಲ್ಲಿ, “ಇದನ್ನಾದರೂ ಉಳಿಸಿಕೊಳ್ತೀರಾ?” ಎಂದು ಬರೆದಿತ್ತು. ಮಕ್ಕಳು ಕಿರುಪರೀಕ್ಷೆಯನ್ನು ವಾರದ ಮೊದಲ ದಿನದಿಂದ ಬದಲಿಸಲು ಕೇಳಿದರು, ಬದಲಾಯಿತು. ಮುಂದಿನ ಸಲ ಖಾಲಿ ಚೀಟಿಗಳು ಕಡಿಮೆಯಾದವು. ಆ ಹುಡುಗ ತಾನೇ ಇಬ್ಬರ ಹೆಸರು ಹೇಳಿದ, ಒಬ್ಬಳು ಒಪ್ಪಿದಳು, ಇನ್ನೊಬ್ಬ ಇನ್ನೂ ಒಪ್ಪಿಲ್ಲ. ಸಭೆಯ ಹಿಂದಿನ ರಾತ್ರಿ ಶಿಕ್ಷಕಿಗೆ ಈಗಲೂ ನಿದ್ದೆ ಕಡಿಮೆ, ಅದರ ಬಗ್ಗೆ ಮಾತುಕತೆ ನಡೆದಿದೆ. ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಲೂ ಹೇಳಿದ್ದೇನೆ. ಈಗ ಮಕ್ಕಳು, ಯೋಜನಾ ಕೆಲಸಕ್ಕೆ ಅಂಕ ಕೊಡುವುದರಲ್ಲಿ ತಮಗೂ ಪಾಲು ಬೇಕು ಎಂದಿದ್ದಾರೆ. ಒಳ್ಳೆಯ ಕೆಲಸ ಎಂದರೆ ಹೇಗಿರಬೇಕು ಎಂಬ ಮಾನದಂಡವನ್ನು ಜೊತೆಗೆ ಕೂತು ಬರೆಯಿರಿ, ಅಂಕ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಮತ್ತು ಇದನ್ನು ಅವರು ಬರೆಯಲು ಶುರುಮಾಡುವ ಮೊದಲೇ ಹೇಳಿ ಎಂದು ಕಳಿಸಿದ್ದೇನೆ.