ಕವಾಯತು ಸಾಕೇ, ಲ್ಯಾಬ್ ಬೇಕೇ?

ಪ್ರಶ್ನೆ: ನಾನು ಪ್ರೌಢಶಾಲೆಯ ಪಿ.ಇ. ಮೇಷ್ಟ್ರು. ಈಗ ಎಲ್ಲೆಲ್ಲೂ ಕ್ರೀಡಾ ವಿಜ್ಞಾನದ ಮಾತು. ಲ್ಯಾಬ್ ಇಲ್ಲದ ಹಳ್ಳಿ ಶಾಲೆಯಲ್ಲಿ ಅದು ಸಾಧ್ಯವೇ?
– ಓದುಗರು, ಸಕಲೇಶಪುರ

ಉತ್ತರ: ಖಂಡಿತ ಸಾಧ್ಯ. ನಮ್ಮ ಕವಾಯತಿನ ಒಂದು ಬೇರು ಸ್ವೀಡನ್ನಿನಲ್ಲಿದೆ. ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಜಿಮ್ನಾಸ್ಟಿಕ್ಸ್ ಸಂಸ್ಥೆ ಆರಂಭಿಸಿದರು. ಅಲ್ಲಿ ಎಲ್ಲರಿಗೂ ಒಂದೇ ಎಣಿಕೆ, ಒಂದೇ ಭಂಗಿ. ಒಬ್ಬೊಬ್ಬರ ದೇಹವನ್ನೂ ಅಳೆಯುವ ಕೆಲಸ ಬಲಗೊಂಡದ್ದು ಆಮೇಲೆ: ಸ್ನಾಯುವಿನ ಶಾಖ ಅಳೆದ ಎ.ವಿ. ಹಿಲ್ ಅವರಿಗೆ 1922ರ ನೊಬೆಲ್ ಸಿಕ್ಕಿತು, 1927ರಲ್ಲಿ ಹಾರ್ವರ್ಡ್‌ನಲ್ಲಿ ದಣಿವಿನ ಅಧ್ಯಯನಕ್ಕೇ ಪ್ರಯೋಗಾಲಯ ಶುರುವಾಯಿತು.

ನಿಮಗೆ ಬೇಕಾದದ್ದು ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷದ ಓಟ: ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಓಡಿದರು ಎಂದು ಅಳೆಯುವುದು. 200 ಮೀಟರ್ ಟ್ರ್ಯಾಕಿಗೆ ಸುಣ್ಣ ಹಾಕಿ, ಪ್ರತಿ 20 ಮೀಟರಿಗೆ ಗುರುತಿಡಿ. ಹತ್ತು ನಿಮಿಷ ನಿಧಾನ ಓಟದಿಂದ ಮೈ ಬೆಚ್ಚಗಾಗಲಿ. ಓಟಕ್ಕೆ ಮುಂಚೆ ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಸ್ನಾಯು ಎಳೆಸುವುದು ಬೇಡ, ಅದರಿಂದ ಸ್ನಾಯುವಿನ ಬಲ ತಾತ್ಕಾಲಿಕವಾಗಿ ಕುಗ್ಗುತ್ತದೆ. ಓಡಿದ ಮೀಟರಿನಲ್ಲಿ 504.9 ಕಳೆದು 44.73ರಿಂದ ಭಾಗಿಸಿ. 2,400 ಮೀಟರ್ ಓಡಿದವರಿಗೆ ಸುಮಾರು 42 ಬರುತ್ತದೆ: ಒಂದು ಕಿಲೋ ದೇಹತೂಕಕ್ಕೆ ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಅಂದಾಜು, ಮಿಲಿಲೀಟರಿನಲ್ಲಿ. ಸೂತ್ರ ದೊಡ್ಡವರ ಓಟದಿಂದ ಬಂದದ್ದು. ಮಕ್ಕಳಲ್ಲಿ ಅವರವರ ಹಳೆಯ ಅಂಕಿಯ ಜೊತೆಗಷ್ಟೇ ಹೋಲಿಸಿ.

ಹೆಚ್ಚಿನವರು ಎಡವುವುದು ಮೊದಲ ಸುತ್ತಿನಲ್ಲೇ: ಜೋರಾಗಿ ಓಡಿ ಐದನೇ ನಿಮಿಷಕ್ಕೆ ನಡೆಯತೊಡಗುತ್ತಾರೆ. ಮಳೆಗಾಲದ ಕೆಸರು ನೆಲದ ಅಂಕಿಯನ್ನು ಬೇಸಿಗೆಯದರ ಪಕ್ಕ ಇಡಬೇಡಿ. ಜ್ವರ, ಉಬ್ಬಸ ಇರುವ ಮಕ್ಕಳನ್ನು ಓಡಿಸಲೇಬೇಡಿ.