ಓದುಗರ ಪ್ರಶ್ನೆ: ಬೆಂಗಳೂರಿನ ಮೊದಲ ಖಾಸಗಿ ಎಫ್‌ಎಂ

ಪ್ರಶ್ನೆ: ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಬೆಂಗಳೂರಿನದೇ ಎನ್ನುತ್ತಾರೆ, ನಿಜವೇ? ಆರಂಭದಲ್ಲಿ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈಯಾಗಿತ್ತಲ್ಲ, ಈಗ ಹಲವು ನಿಲಯಗಳು ಕನ್ನಡದತ್ತ ತಿರುಗಿದ್ದು ಹೇಗೆ? ಇವುಗಳಲ್ಲಿ ವಾರ್ತೆ ಏಕೆ ಬರುವುದಿಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಜ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿದ ರೇಡಿಯೊ ಸಿಟಿಯೇ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ. ಸರ್ಕಾರೇತರ ಬಾನುಲಿ ನಮ್ಮ ನಾಡಿಗೆ ಅದಕ್ಕೂ ಮೊದಲೇ ಪರಿಚಿತವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲೇ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ನಡೆಸಿದ್ದರು. ಆದರೆ ಅದು ವಾಣಿಜ್ಯ ಉದ್ಯಮವಾಗಿರಲಿಲ್ಲ.

ರೇಡಿಯೊ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ನೀಡಿದ ತೀರ್ಪು ಖಾಸಗಿಯವರ ಪ್ರವೇಶಕ್ಕೆ ದಾರಿ ಮಾಡಿತು. 1999ರ ನೀತಿಯಂತೆ ತರಂಗಾಂತರಗಳ ಹರಾಜು ನಡೆಯಿತು. ಎಡವಟ್ಟಾದದ್ದು ಪರವಾನಗಿ ಶುಲ್ಕದ ಲೆಕ್ಕದಲ್ಲಿ. ಹರಾಜಿನಲ್ಲಿ ಕೂಗಿದ ಮೊತ್ತವನ್ನು ಪ್ರತಿವರ್ಷವೂ ಕಟ್ಟಬೇಕಿತ್ತು. ಅದರ ಮೇಲೆ ವರ್ಷಕ್ಕೆ ಶೇ 15ರಷ್ಟು ಏರಿಕೆ ಬೇರೆ. ಅಂದರೆ ಆರನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಶುಲ್ಕ ಇಮ್ಮಡಿಯಾಗುತ್ತದೆ, ಜಾಹೀರಾತಿನ ಆದಾಯ ಬರಲಿ, ಬಿಡಲಿ. ಹಾಗಾಗಿ ಹರಾಜಿನಲ್ಲಿ ಗೆದ್ದ ಅನೇಕರು ನಿಲಯ ತೆರೆಯುವ ಗೋಜಿಗೇ ಹೋಗಲಿಲ್ಲ. ಬೆಂಗಳೂರಿನಲ್ಲಿ ರೇಡಿಯೊ ಸಿಟಿಗೆ ಸುಮಾರು ಐದು ವರ್ಷ ಖಾಸಗಿ ಪ್ರತಿಸ್ಪರ್ಧಿಯೇ ಇರಲಿಲ್ಲ.

ಕನ್ನಡದ ಪ್ರಶ್ನೆಗೂ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಊರಿಗೆ ಒಂದೇ ಖಾಸಗಿ ನಿಲಯವಿದ್ದು, ಅದರ ತಲೆಯ ಮೇಲೆ ಏರುತ್ತಲೇ ಇರುವ ಶುಲ್ಕದ ಹೊರೆ ಇದ್ದಾಗ, ದೊಡ್ಡ ಜಾಹೀರಾತುದಾರರು ಬಯಸುವ ಕೇಳುಗರನ್ನೇ ಅದು ಓಲೈಸುವುದು ಸಹಜ. ಅಂಥ ಕೇಳುಗರು ಹಿಂದಿ, ಇಂಗ್ಲಿಷ್ ಹಾಡುಗಳನ್ನೇ ಕೇಳುತ್ತಾರೆ ಎಂಬ ಎಣಿಕೆ ಆಗ ಬಲವಾಗಿತ್ತು. 2005ರ ಎರಡನೆಯ ಹಂತದ ನೀತಿಯು ಏರುವ ಶುಲ್ಕವನ್ನು ಕೈಬಿಟ್ಟು, ಒಮ್ಮೆ ಕಟ್ಟುವ ಪ್ರವೇಶ ಶುಲ್ಕದ ಜೊತೆಗೆ ಸಾಮಾನ್ಯವಾಗಿ ಒಟ್ಟು ಆದಾಯದ ಶೇ 4ರಷ್ಟನ್ನು ಪಾಲಾಗಿ ಪಡೆಯುವ ಪದ್ಧತಿಯನ್ನು ತಂದಿತು. 2006ರಿಂದ ಬೆಂಗಳೂರಿಗೆ ರೇಡಿಯೊ ಮಿರ್ಚಿ, ಬಿಗ್ ಎಫ್‌ಎಂ ಮೊದಲಾದವು ಒಂದರ ಹಿಂದೊಂದು ಬಂದವು. ಎಲ್ಲರೂ ಅದೇ ಹಿಂದಿ ಹಾಡು ಹಾಕುತ್ತ ಕುಳಿತರೆ ಕೇಳುಗರು ಹಂಚಿಹೋಗುತ್ತಾರೆ. ಆಟೊ ಚಾಲಕರು, ಅಂಗಡಿಯವರು, ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಡುವ ಗೃಹಿಣಿಯರು ಕನ್ನಡದ ದೊಡ್ಡ ಕೇಳುಗವರ್ಗವೆಂಬುದು ಆಗ ಲೆಕ್ಕಕ್ಕೆ ಬಂತು. ಕೊನೆಗೆ ರೇಡಿಯೊ ಸಿಟಿಯೂ ಕನ್ನಡಕ್ಕೇ ಹೊರಳಿತು. ಕನ್ನಡಪರ ಒತ್ತಾಯವೂ ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಪೈಪೋಟಿಯಿಲ್ಲದೆ ಒತ್ತಾಯವೊಂದರಿಂದಲೇ ಇಷ್ಟು ಆಗುತ್ತಿತ್ತೆಂದು ನನಗೆ ತೋರುವುದಿಲ್ಲ.

ಇನ್ನು ವಾರ್ತೆ. ಮೊದಲೆರಡು ಹಂತಗಳಲ್ಲಿ ಖಾಸಗಿ ಎಫ್‌ಎಂಗಳಿಗೆ ಸುದ್ದಿ ಪ್ರಸಾರ ಪೂರ್ಣ ನಿಷಿದ್ಧವಾಗಿತ್ತು. 2011ರ ಮೂರನೆಯ ಹಂತದ ನೀತಿಯು ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಅವಕಾಶ ನೀಡಿತು. ಸ್ವಂತ ಸುದ್ದಿ ವಿಭಾಗಕ್ಕೆ ಅನುಮತಿ ಸಿಗಲಿಲ್ಲ. ಸಂಚಾರ, ಹವಾಮಾನ, ಪರೀಕ್ಷಾ ಫಲಿತಾಂಶ, ಸ್ಥಳೀಯ ಆಡಳಿತ ನೀಡುವ ನೀರು, ವಿದ್ಯುತ್ ಕುರಿತ ಪ್ರಕಟಣೆಗಳನ್ನು ಅದೇ ನೀತಿ ಸುದ್ದಿಯಲ್ಲವೆಂದು ಪರಿಗಣಿಸಿದೆ. ಸಿಲ್ಕ್ ಬೋರ್ಡ್ ಬಳಿ ವಾಹನಗಳು ನಿಂತಿವೆ ಎಂದು ನಿರೂಪಕರು ನಿರಾತಂಕವಾಗಿ ಹೇಳಬಹುದಾದದ್ದು ಈ ವಿನಾಯಿತಿಯ ಬಲದಿಂದಲೇ.