ಆರ್‌ವಿ ಫರ್ನೇಸ್‌ನ ಫ್ಯಾನ್ ತಿರುಗಿದರೂ ಬಿಸಿ ಗಾಳಿ ಬರುವುದಿಲ್ಲ, ಏಕೆ?

ಕೊಲೊರಾಡೊದ ಚಳಿಯಲ್ಲಿ ಬೆಳಗಿನ ಜಾವ ನಿಮ್ಮ ಆರ್‌ವಿಯ (ಮನೆಯಂತೆ ವಾಸಿಸಬಹುದಾದ ವಾಹನದ) ಪ್ರೊಪೇನ್ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಬಿಸಿ ಗಾಳಿ ಊದುವ ಹೀಟರ್, ತಣ್ಣನೆಯ ಗಾಳಿಯನ್ನಷ್ಟೇ ಊದುತ್ತದೆ, ಸಿಲಿಂಡರಿನಲ್ಲಿ ಗ್ಯಾಸ್ ಇದೆ ಎಂದಿದ್ದೀರಿ. ಹಾಗಿದ್ದರೆ ನಾನು ಮೊದಲು ಅನುಮಾನಿಸುವುದು ಬ್ಯಾಟರಿಯನ್ನು.

ಥರ್ಮೋಸ್ಟಾಟ್ ಸೂಚನೆ ಕೊಟ್ಟಾಗ ಮೊದಲು ಫ್ಯಾನ್ ಚಾಲೂ ಆಗುತ್ತದೆ. ಅದರ ಗಾಳಿಯ ರಭಸಕ್ಕೆ ಸೈಲ್ ಸ್ವಿಚ್ಚಿನ ತೆಳುವಾದ ರೆಕ್ಕೆ ಸರಿದು ಸಂಪರ್ಕ ಕೂಡಿದರೆ ಮಾತ್ರ ಕಂಟ್ರೋಲ್ ಬೋರ್ಡ್ ಗ್ಯಾಸ್ ವಾಲ್ವ್ ತೆರೆದು ಕಿಡಿ ಹಾರಿಸುತ್ತದೆ. 12 ವೋಲ್ಟಿನ ಬ್ಯಾಟರಿ ರಾತ್ರಿಯಿಡೀ ದುಡಿದು, ಚಳಿಗೂ ಸೊರಗಿ, 10.5 ವೋಲ್ಟಿನ ಆಸುಪಾಸಿಗೆ ಇಳಿದರೆ ಫ್ಯಾನ್ ತಿರುಗುತ್ತದೆಯಾದರೂ ಆ ರೆಕ್ಕೆಯನ್ನು ತಳ್ಳುವಷ್ಟು ಬಲ ಅದರ ಗಾಳಿಗೆ ಇರುವುದಿಲ್ಲ. ಆದ್ದರಿಂದ ವೋಲ್ಟೇಜನ್ನು ಫ್ಯಾನ್ ಓಡುತ್ತಿರುವಾಗಲೇ ಮಲ್ಟಿಮೀಟರಿನಿಂದ ಅಳೆಯಿರಿ. ನಿಂತಾಗ ಅಳೆದರೆ ಬ್ಯಾಟರಿ ಚೆನ್ನಾಗಿಯೇ ಕಾಣಿಸೀತು. ಬ್ಯಾಟರಿ ಸರಿಯಿದ್ದರೆ ಸ್ವಿಚ್ ಬಿಚ್ಚಿ ನೋಡಿ: ಸಾಕುನಾಯಿಯ ಒಂದೆರಡು ಕೂದಲು ಸುತ್ತಿಕೊಂಡರೂ ಅದು ಅಂಟಿ ನಿಲ್ಲುತ್ತದೆ.

ಕಿಡಿಯ ಟಿಕ್ ಟಿಕ್ ಸದ್ದು ಕೇಳಿಸಿಯೂ ಉರಿ ಹತ್ತದಿದ್ದರೆ ಗ್ಯಾಸಿನ ಕಡೆ ನೋಡಬೇಕು. ಒಲೆಯ ಜ್ವಾಲೆಯೂ ಕುಗ್ಗಿದ್ದರೆ ರೆಗ್ಯುಲೇಟರಿನಲ್ಲಿ ತೇವ ಹೆಪ್ಪುಗಟ್ಟಿರಬಹುದು. ಬೆಚ್ಚನೆಯ ನೀರಿನಿಂದ ಕರಗಿಸಿ, ಬೆಂಕಿಯನ್ನು ಮಾತ್ರ ಹತ್ತಿರ ತರಬೇಡಿ. ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ವರೆಗೂ ಅನಿಲವಾಗುತ್ತದೆ. ನಮ್ಮೂರ ಅಡುಗೆಮನೆಯ ಎಲ್‌ಪಿಜಿಯಂತೆ ಬ್ಯುಟೇನ್ ಬೆರೆತದ್ದಾದರೆ ಸೊನ್ನೆ ಡಿಗ್ರಿಯ ಬಳಿಯೇ ಒತ್ತಡ ಬೀಳತೊಡಗುತ್ತದೆ.

ಕೆಲವು ಯತ್ನಗಳ ನಂತರ ಬೋರ್ಡ್ ಲಾಕ್ ಆಗುವುದರಿಂದ, ಪ್ರತಿ ಪರೀಕ್ಷೆಗೂ ಮುನ್ನ ಥರ್ಮೋಸ್ಟಾಟನ್ನು ಒಮ್ಮೆ ಆರಿಸಿ ಹಾಕಿ. ದುರಸ್ತಿಯಾಗುವವರೆಗೆ ಒಲೆ ಹಚ್ಚಿಕೊಂಡು ಮಲಗಬೇಡಿ; ಅದರಿಂದ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.